ವಿದ್ಯುತ್ ಜಾಲದ ವಿಶ್ಲೇಷಣೆ: ಕಲಿಯಬೇಕಾದದ್ದು ಏನು?

ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿಯ ಕೊನೆಯ ಎರಡು ವರ್ಷಗಳಲ್ಲಿ ‘ಪವರ್ ಸಿಸ್ಟಮ್ ಅನಾಲಿಸಿಸ್’ ಎಂಬ ಹೆಸರಿನಲ್ಲಿ ಕಲಿಸುವ ವಿದ್ಯುತ್ ವ್ಯವಸ್ಥೆಯ ವಿಶ್ಲೇಷಣೆಯು ಅದರ ಹಿಂದಿನ ಪಾಠಗಳಿಗಿಂತ ಒಂದು ಮುಖ್ಯ ಅಂಶದಲ್ಲಿ ಭಿನ್ನವಾಗಿದೆ. ಜನರೇಟರ್, ಟ್ರಾನ್ಸ್‌ಫಾರ್ಮರ್, ಮೋಟಾರು, ತಂತಿಮಾರ್ಗ ಇವುಗಳನ್ನು ವಿದ್ಯಾರ್ಥಿಗಳು ಅಷ್ಟರಲ್ಲಾಗಲೇ ಒಂದೊಂದಾಗಿ ಓದಿರುತ್ತಾರೆ. ಇವೆಲ್ಲ ಒಂದಕ್ಕೊಂದು ಜೋಡಣೆಯಾಗಿ ನೂರಾರು ಮೈಲಿ ಹರಡಿಕೊಂಡ ಒಂದೇ ಯಂತ್ರವಾದಾಗ ಹೇಗೆ ನಡೆದುಕೊಳ್ಳುತ್ತವೆ ಎಂಬುದೇ ಇಲ್ಲಿಯ ಪ್ರಶ್ನೆ. ಈ ಯಂತ್ರದಲ್ಲಿ ವಿದ್ಯುತ್ತನ್ನು ಕೂಡಿಡಲು ಕಣಜವೆಂಬುದು ಇಲ್ಲವೇ ಇಲ್ಲವೆನ್ನಬಹುದಾದಷ್ಟು ಕಡಿಮೆಯಾದ್ದರಿಂದ ಉತ್ಪಾದನೆ ಮತ್ತು ಬಳಕೆ ಕ್ಷಣಕ್ಷಣವೂ ಸರಿದೂಗಬೇಕಾಗುತ್ತದೆ, ಮತ್ತು ಒಂದು ಮೂಲೆಯಲ್ಲಿ ಆದ ಬದಲಾವಣೆ ಉಳಿದ ಎಲ್ಲ ಮೂಲೆಗಳಿಗೂ ಸೆಕೆಂಡುಗಳೊಳಗೆ ಗೊತ್ತಾಗುತ್ತದೆ. ಹೀಗಿರುವಾಗ ಈ ವಿಷಯವನ್ನು ಓದಿ ಮುಗಿಸಿದವರು ಏನನ್ನು ಮಾಡಬಲ್ಲವರಾಗಿರಬೇಕು ಎಂಬ ಪ್ರಶ್ನೆಗೆ ಪಠ್ಯಕ್ರಮಗಳು ಸಾಮಾನ್ಯವಾಗಿ ಲೆಕ್ಕದ ವಿಧಾನಗಳ ಪಟ್ಟಿಯೊಂದನ್ನು ಉತ್ತರವಾಗಿ ಕೊಡುತ್ತವೆ. ಆದರೆ ಆ ವಿಧಾನಗಳನ್ನು ಇಂದು ಕಂಪ್ಯೂಟರು ಮನುಷ್ಯನಿಗಿಂತ ಬೇಗ, ತಪ್ಪಿಲ್ಲದೆ ನಡೆಸುತ್ತದೆ. ಅದು ಕೊಟ್ಟ ಅಂಕಿಯನ್ನು ನಂಬಬಹುದೇ, ಆ ಅಂಕಿ ಜಾಲದ ಬಗ್ಗೆ ಏನನ್ನು ಹೇಳುತ್ತಿದೆ ಎಂಬ ತೀರ್ಮಾನ ಮಾತ್ರ ಎಂಜಿನಿಯರನ ಪಾಲಿಗೆ ಉಳಿದಿದೆ.

ಪ್ರಶ್ನೆ ಬೆಳೆದು ಬಂದ ಬಗೆಗೆ ಕರ್ನಾಟಕದ ಜಾಲವೇ ಒಳ್ಳೆಯ ಉದಾಹರಣೆ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿದಾಗ ಅಲ್ಲಿ ಇದ್ದದ್ದು ಒಂದು ಮೂಲ, ಒಂದು ದಾರಿ, ಒಬ್ಬ ದೊಡ್ಡ ಗಿರಾಕಿ. ಅಂಥ ಮಾರ್ಗದ ಲೆಕ್ಕವನ್ನು ಒಂದು ಹಾಳೆಯಲ್ಲಿ ಮುಗಿಸಬಹುದಿತ್ತು. 1905ರಲ್ಲಿ ಬೆಂಗಳೂರು, 1948ರಲ್ಲಿ ಜೋಗ, 1960ರ ದಶಕದಲ್ಲಿ ಶರಾವತಿ, 1980ರ ದಶಕದಲ್ಲಿ ರಾಯಚೂರಿನ ಉಷ್ಣ ಸ್ಥಾವರ, ಅನಂತರ ಕೈಗಾ ಸೇರಿಕೊಳ್ಳುತ್ತ ಹೋದಂತೆ ವಿದ್ಯುತ್ತು ಒಂದು ಊರನ್ನು ತಲುಪಲು ಹತ್ತಾರು ದಾರಿಗಳಾದವು, ಮತ್ತು ಯಾವ ದಾರಿಯಲ್ಲಿ ಎಷ್ಟು ಹರಿಯುತ್ತದೆ ಎಂಬುದನ್ನು ಬರಿಯ ಅಂದಾಜಿನಿಂದ ಹೇಳುವುದು ಅಸಾಧ್ಯವಾಯಿತು. ವಿದ್ಯುತ್ತು ಒಪ್ಪಂದದ ಕಾಗದವನ್ನು ಓದಿ ಹರಿಯುವುದಿಲ್ಲ, ತಂತಿಗಳ ಇಂಪೀಡೆನ್ಸನ್ನು, ಅಂದರೆ ಒಟ್ಟು ತಡೆಯನ್ನು ಅನುಸರಿಸಿ ಹರಿಯುತ್ತದೆ ಎಂಬ ಸರಳ ಸತ್ಯದಿಂದಲೇ ಈ ಶಾಸ್ತ್ರ ಹುಟ್ಟಿದೆ ಎನ್ನಬಹುದು.

ಪಾಠದ ಇಂದಿನ ಆಕಾರವನ್ನು ನಿರ್ಧರಿಸಿದ್ದು ಮಾತ್ರ ಜಾಲಕ್ಕಿಂತ ಹೆಚ್ಚಾಗಿ ಲೆಕ್ಕದ ಉಪಕರಣಗಳು. 1920ರ ದಶಕದ ಕೊನೆಯಿಂದ ಮುಂದಿನ ಸುಮಾರು ಮೂರು ದಶಕಗಳವರೆಗೆ ದೊಡ್ಡ ಜಾಲಗಳ ಅಧ್ಯಯನ ನಡೆದದ್ದು ನೆಟ್‌ವರ್ಕ್ ಅನಲೈಜರ್ ಎಂಬ, ಜಾಲದ ಚಿಕ್ಕ ಪ್ರತಿರೂಪವನ್ನೇ ಕೋಣೆಯೊಂದರಲ್ಲಿ ಕಟ್ಟಿ ಅಳತೆ ಮಾಡುವ ಸಲಕರಣೆಯಲ್ಲಿ. 1956ರಲ್ಲಿ ವಾರ್ಡ್ ಮತ್ತು ಹೇಲ್ ಅವರು ಡಿಜಿಟಲ್ ಕಂಪ್ಯೂಟರಿನಲ್ಲಿ ಲೋಡ್ ಫ್ಲೋ ಲೆಕ್ಕ ಮಾಡುವ ದಾರಿಯನ್ನು ತೋರಿಸಿದರು. 1967ರಲ್ಲಿ ಟಿನ್ನಿ ಮತ್ತು ಹಾರ್ಟ್ ಅವರು ನ್ಯೂಟನ್ ವಿಧಾನವನ್ನು ದೊಡ್ಡ ಜಾಲಗಳಿಗೆ ಒಗ್ಗಿಸಿದರು. 1974ರಲ್ಲಿ ಸ್ಟಾಟ್ ಮತ್ತು ಅಲ್ಸಾಕ್ ಅವರ ‘ಫಾಸ್ಟ್ ಡಿಕಪಲ್ಡ್’ ವಿಧಾನ ಬಂದಿತು. ಆ ಕಾಲದ ಎಂಜಿನಿಯರು ತನಗೆ ಬೇಕಾದ ಪ್ರೋಗ್ರಾಮನ್ನು ತಾನೇ ಬರೆದುಕೊಳ್ಳಬೇಕಾಗಿದ್ದರಿಂದ ವಿಧಾನವನ್ನು ಹಂತಹಂತವಾಗಿ ಕಲಿಯುವುದೇ ಕಲಿಕೆಯ ಗುರಿಯಾದದ್ದು ಸಹಜವೇ ಆಗಿತ್ತು. ಪ್ರೋಗ್ರಾಮುಗಳು ಸಿದ್ಧವಸ್ತುಗಳಾಗಿ ಸಿಗತೊಡಗಿದ ಮೇಲೂ ಪಠ್ಯಕ್ರಮ ಅದೇ ಜಾಡಿನಲ್ಲಿ ನಡೆದದ್ದು ಅಷ್ಟು ಸಹಜವಲ್ಲ.

ಭಾರತವು 2014ರಲ್ಲಿ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾದ ಮೇಲೆ ಕಾಲೇಜುಗಳು ಪ್ರತಿಯೊಂದು ವಿಷಯಕ್ಕೂ ‘ಕೋರ್ಸ್ ಔಟ್‌ಕಮ್’ಗಳನ್ನು, ಅಂದರೆ ಪಾಠ ಮುಗಿದಾಗ ವಿದ್ಯಾರ್ಥಿಗೆ ಒದಗಿರಬೇಕಾದ ಸಾಮರ್ಥ್ಯಗಳನ್ನು ಬರೆದಿಡುವುದು ವಾಡಿಕೆಯಾಯಿತು. ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಮಾಡಿದ, 2001ರಲ್ಲಿ ಪರಿಷ್ಕೃತವಾದ ವರ್ಗೀಕರಣ ಇದಕ್ಕೆ ಆಧಾರ. ನೆನಪಿಡುವುದು, ಅರ್ಥಮಾಡಿಕೊಳ್ಳುವುದು, ಅನ್ವಯಿಸುವುದು, ವಿಶ್ಲೇಷಿಸುವುದು, ಮೌಲ್ಯಮಾಪನ ಮಾಡುವುದು, ಸೃಷ್ಟಿಸುವುದು ಎಂಬ ಆರು ಮೆಟ್ಟಿಲುಗಳು ಅದರಲ್ಲಿವೆ. ವ್ಯವಸ್ಥೆ ಒಳ್ಳೆಯದೇ. ಆದರೆ ಹೆಸರಿನಲ್ಲೇ ವಿಶ್ಲೇಷಣೆಯನ್ನು ಇಟ್ಟುಕೊಂಡಿರುವ ವಿಷಯದ ಗುರಿಗಳು ಬಹುಮಟ್ಟಿಗೆ ಮೂರನೆಯ ಮೆಟ್ಟಿಲಿನಲ್ಲೇ, ಸೂತ್ರವನ್ನು ಅನ್ವಯಿಸುವುದರಲ್ಲೇ ನಿಂತುಬಿಟ್ಟಿರುವುದು ವಿಚಿತ್ರ. ಕ್ರಿಯಾಪದವನ್ನು ‘ಲೆಕ್ಕ ಮಾಡು’ ಎಂಬುದರಿಂದ ‘ವಿಶ್ಲೇಷಿಸು’ ಎಂದು ಬದಲಾಯಿಸಿದ ಮಾತ್ರಕ್ಕೆ ಪ್ರಶ್ನೆಪತ್ರಿಕೆಯ ಲೆಕ್ಕ ಬದಲಾಗುವುದಿಲ್ಲ.

ಮೊದಲನೆಯ ಗುರಿಯೆಂದು ಹೇಳಬೇಕಾದದ್ದು ಮಾದರಿ ಕಟ್ಟುವ ವಿವೇಕ. ಒಂದು ತಂತಿಮಾರ್ಗವನ್ನು ಕೆಲವೊಮ್ಮೆ ಬರಿಯ ಒಂದು ರಿಯಾಕ್ಟೆನ್ಸ್ ಎಂದು, ಅಂದರೆ ಕಾಂತಕ್ಷೇತ್ರದಿಂದ ಹುಟ್ಟುವ ತಡೆ ಎಂದು ಭಾವಿಸಿದರೆ ಸಾಕಾಗುತ್ತದೆ. ಇನ್ನು ಕೆಲವೊಮ್ಮೆ ಅದರ ಎರಡೂ ತುದಿಗಳಲ್ಲಿ ಕೆಪಾಸಿಟೆನ್ಸನ್ನು ಸೇರಿಸದೆ ಹೋದರೆ ಉತ್ತರವೇ ತಪ್ಪಾಗುತ್ತದೆ. ಯಾವಾಗ ಯಾವುದನ್ನು ಬಿಡಬಹುದು ಎಂಬುದನ್ನು ಪುಸ್ತಕಗಳು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ, ವೃತ್ತಿಯಲ್ಲಿ ಅದೇ ಅರ್ಧ ಕೆಲಸ. ಇದಕ್ಕೆ ಜೊತೆಯಾಗಿ ಬರುವುದು ‘ಪರ್ ಯೂನಿಟ್’ ಪದ್ಧತಿ. ಪ್ರತಿಯೊಂದು ಅಳತೆಯನ್ನೂ ಗೊತ್ತುಪಡಿಸಿದ ಆಧಾರದ ಅಂಶವಾಗಿ ಹೇಳುವ ಈ ಪದ್ಧತಿಯಲ್ಲಿ ಟ್ರಾನ್ಸ್‌ಫಾರ್ಮರಿನ ಎರಡು ಬದಿಗಳ ಬೇರೆ ಬೇರೆ ವೋಲ್ಟೇಜುಗಳ ತೊಡಕು ಮಾಯವಾಗುತ್ತದೆ. ಆದರೆ ಅದರ ನಿಜವಾದ ಉಪಯೋಗ ಅಳವಿನ ಅರಿವನ್ನು ಬೆಳೆಸುವುದರಲ್ಲಿದೆ. ಹಳ್ಳಿಗಳಲ್ಲಿ ಜನ ‘ಟಿಸಿ’ ಎಂದು ಕರೆಯುವ 100 ಕೆವಿಎ ಟ್ರಾನ್ಸ್‌ಫಾರ್ಮರನ್ನೇ ತೆಗೆದುಕೊಂಡರೆ, ಅದರ ಕೆಳಬದಿಯ 433 ವೋಲ್ಟಿನಲ್ಲಿ ಪೂರ್ಣ ಹೊರೆಯ ಕರೆಂಟು ಸುಮಾರು 133 ಆಂಪಿಯರ್. ಅದರ ಇಂಪೀಡೆನ್ಸ್ ಶೇಕಡಾ 4.5 ಎಂದು ಫಲಕದ ಮೇಲೆ ಬರೆದಿದ್ದರೆ, ಬಾಯಿಯಲ್ಲೇ ಶಾರ್ಟ್ ಆದಾಗ ಹರಿಯುವ ಕರೆಂಟು ಹೆಚ್ಚೆಂದರೆ ಅದರ ಸುಮಾರು 22 ಪಟ್ಟು, ಅಂದರೆ 3000 ಆಂಪಿಯರಿನ ಆಸುಪಾಸು ಎಂದು ಕಾಗದವಿಲ್ಲದೆಯೇ ಹೇಳಬಹುದು. ಕಂಪ್ಯೂಟರು ಇದೇ ಜಾಗಕ್ಕೆ 30,000 ಎಂದು ಮುದ್ರಿಸಿದರೆ ತಡೆದು ನಿಲ್ಲಬೇಕೆಂದು ಹೊಳೆಯುವುದು ಈ ಅಭ್ಯಾಸ ಇದ್ದವರಿಗೆ ಮಾತ್ರ.

ವಿಷಯದ ಹೃದಯಭಾಗ ಲೋಡ್ ಫ್ಲೋ. ಇಂತಿಷ್ಟು ಉತ್ಪಾದನೆ, ಇಂತಿಷ್ಟು ಬೇಡಿಕೆ ಇದ್ದಾಗ ಪ್ರತಿಯೊಂದು ಬಸ್ಸಿನಲ್ಲಿ, ಅಂದರೆ ತಂತಿಗಳು ಕೂಡುವ ಪ್ರತಿಯೊಂದು ಬಿಂದುವಿನಲ್ಲಿ, ವೋಲ್ಟೇಜು ಎಷ್ಟು, ಅದರ ಕೋನ ಎಷ್ಟು, ಯಾವ ಮಾರ್ಗದಲ್ಲಿ ಎಷ್ಟು ವಿದ್ಯುತ್ತು ಹರಿಯುತ್ತದೆ ಎಂಬುದನ್ನು ಕಂಡುಹಿಡಿಯುವುದು ಇದರ ಉದ್ದೇಶ. ಸಮೀಕರಣಗಳು ಸರಳರೇಖೆಯವಲ್ಲವಾದ್ದರಿಂದ ಒಂದು ಊಹೆಯಿಂದ ಹೊರಟು ಮತ್ತೆ ಮತ್ತೆ ತಿದ್ದಿಕೊಳ್ಳುತ್ತ ಉತ್ತರವನ್ನು ಸಮೀಪಿಸಬೇಕಾಗುತ್ತದೆ. ಬಸ್ಸುಗಳನ್ನು ಮೂರು ಬಗೆಯಾಗಿ ವಿಂಗಡಿಸುವುದನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಅವುಗಳಲ್ಲೊಂದಾದ ‘ಸ್ಲ್ಯಾಕ್ ಬಸ್’ ಯಾಕೆ ಬೇಕು ಎಂದು ಕೇಳಿದರೆ ಬಹಳ ಮಂದಿ ತಡವರಿಸುತ್ತಾರೆ. ತಂತಿಗಳಲ್ಲಿ ಸೋರುವ ಶಕ್ತಿ ಎಷ್ಟೆಂಬುದು ಲೆಕ್ಕ ಮುಗಿಯುವವರೆಗೂ ಗೊತ್ತಾಗದ ಕಾರಣ ಎಲ್ಲ ಜನರೇಟರುಗಳ ಉತ್ಪಾದನೆಯನ್ನೂ ಮೊದಲೇ ಗೊತ್ತುಮಾಡಲು ಬರುವುದಿಲ್ಲ, ಉಳಿದ ವ್ಯತ್ಯಾಸವನ್ನು ಹೊರಲು ಒಂದು ಬಸ್ಸನ್ನು ಬಿಟ್ಟಿರಬೇಕಾಗುತ್ತದೆ. ಅಂಥ ಬಸ್ಸು ನಿಜವಾದ ಜಾಲದಲ್ಲಿ ಎಲ್ಲಿಯೂ ಇಲ್ಲ, ಅಲ್ಲಿ ಆ ವ್ಯತ್ಯಾಸವನ್ನು ಹಲವು ಜನರೇಟರುಗಳು ಹಂಚಿಕೊಳ್ಳುತ್ತವೆ. ಲೆಕ್ಕದ ಅನುಕೂಲಕ್ಕಾಗಿ ಮಾಡಿಕೊಂಡ ಕಲ್ಪನೆ ಯಾವುದು, ಜಾಲದ ಗುಣ ಯಾವುದು ಎಂಬ ಈ ವಿವೇಚನೆ ಗೌಸ್–ಸೈಡೆಲ್ ವಿಧಾನದ ಒಂದು ಸುತ್ತನ್ನು ಮೂರು ಬಸ್ಸುಗಳ ಜಾಲಕ್ಕೆ ಕೈಯಿಂದ ಮಾಡಿ ತೋರಿಸುವುದಕ್ಕಿಂತ ದೊಡ್ಡ ಕಲಿಕೆ. ಪರೀಕ್ಷೆಯಲ್ಲಿ ಬರುವುದು ಸಾಮಾನ್ಯವಾಗಿ ಆ ಒಂದು ಸುತ್ತು, ಮತ್ತು ಒಂದು ಸುತ್ತಿನ ಉತ್ತರ ಎಂದರೆ ಯಾವ ಜಾಲದ ಸ್ಥಿತಿಯೂ ಅಲ್ಲದ ಅಂಕಿ.

ಲೋಡ್ ಫ್ಲೋ ಫಲಿತಾಂಶವನ್ನು ಓದಲು ಬರಬೇಕಾದರೆ ಎರಡು ಸಂಬಂಧಗಳು ಮನಸ್ಸಿನಲ್ಲಿ ಗಟ್ಟಿಯಾಗಿರಬೇಕು. ನಿಜವಾದ ಕೆಲಸ ಮಾಡುವ ಆಕ್ಟಿವ್ ಪವರ್ ಮುಖ್ಯವಾಗಿ ವೋಲ್ಟೇಜುಗಳ ಕೋನದ ವ್ಯತ್ಯಾಸವನ್ನು ಅನುಸರಿಸುತ್ತದೆ. ಕಾಂತಕ್ಷೇತ್ರವನ್ನು ಹುಟ್ಟಿಸಲು ಮಾತ್ರ ಬೇಕಾಗಿ ಹೋಗಿ ಬಂದು ಮಾಡುವ ರಿಯಾಕ್ಟಿವ್ ಪವರ್ ಮುಖ್ಯವಾಗಿ ವೋಲ್ಟೇಜಿನ ಪ್ರಮಾಣದ ವ್ಯತ್ಯಾಸವನ್ನು ಅನುಸರಿಸುತ್ತದೆ, ಮತ್ತು ಅದನ್ನು ದೂರಕ್ಕೆ ಸಾಗಿಸುವುದು ಕಷ್ಟ. ಸಾವಿರಾರು ಪಂಪ್‌ಸೆಟ್ಟುಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ಬಯಲುಸೀಮೆಯ ಫೀಡರಿನ ಕೊನೆಯ ಹಳ್ಳಿಯಲ್ಲಿ ವೋಲ್ಟೇಜು ಕುಸಿದು ಮೋಟಾರು ಸುಡುವುದಕ್ಕೂ, ರಾತ್ರಿ ಹೊರೆ ಇಳಿದಾಗ 400 ಕೆವಿಯ ಉದ್ದನೆಯ ಮಾರ್ಗದ ದೂರದ ತುದಿಯಲ್ಲಿ ವೋಲ್ಟೇಜು ಏರುವುದಕ್ಕೂ ವಿವರಣೆ ಇದರಲ್ಲೇ ಇದೆ. 400 ಕೆವಿ ಮಾರ್ಗವೊಂದು ಪ್ರತಿ 100 ಕಿಲೋಮೀಟರಿಗೆ ಸುಮಾರು 55 ಎಂವಿಎಆರ್ ರಿಯಾಕ್ಟಿವ್ ಪವರನ್ನು ತಾನೇ ಹುಟ್ಟಿಸುತ್ತದೆ. ಹೊರೆ ಕಡಿಮೆಯಾದಾಗ ಅದನ್ನು ಹೀರಿಕೊಳ್ಳಲೆಂದೇ ಸಬ್‌ಸ್ಟೇಷನ್ನುಗಳಲ್ಲಿ ರಿಯಾಕ್ಟರುಗಳನ್ನು ಇರಿಸಿರುತ್ತಾರೆ. ಹಳ್ಳಿಯವರ ದೂರಿಗೆ ‘ಓವರ್‌ಲೋಡ್ ಆಗಿದೆ’ ಎಂಬ ಒಂದೇ ಮಾತಿನಲ್ಲಿ ಉತ್ತರ ಕೊಡದೆ, ಕೆಪಾಸಿಟರ್ ಎಲ್ಲಿ ಹಾಕಿದರೆ ಎಷ್ಟು ವೋಲ್ಟೇಜು ಚೇತರಿಸಿಕೊಳ್ಳುತ್ತದೆ ಎಂದು ಕನ್ನಡದಲ್ಲೇ ತಿಳಿಸಿ ಹೇಳಬಲ್ಲ ಎಂಜಿನಿಯರು ತಯಾರಾಗುವುದೂ ಕಲಿಕೆಯ ಗುರಿಯೇ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಕೆಲಸವೆಲ್ಲ ಪವರ್‌ಮ್ಯಾನ್‌ಗಳ ಮತ್ತು ರೈತರ ನಡುವೆ ಇರುವ ನಾಡಿನಲ್ಲಿ ಇದನ್ನು ಯಾವ ಪಠ್ಯಕ್ರಮವೂ ಗಂಭೀರವಾಗಿ ಬರೆದುಕೊಂಡಂತೆ ಕಾಣುವುದಿಲ್ಲ.

ಮೂರನೆಯದು ದೋಷಗಳ ವಿಶ್ಲೇಷಣೆ. ಮೂರು ಫೇಸುಗಳೂ ಒಂದೇ ಸಮನಾಗಿರುವವರೆಗೆ ಒಂದು ಫೇಸಿನ ಲೆಕ್ಕ ಮಾಡಿದರೆ ಸಾಕು. ಮರದ ಕೊಂಬೆ ತಗುಲಿ ಒಂದೇ ತಂತಿ ನೆಲದ ಪಾಲಾದಾಗ ಆ ಸಮತೋಲ ತಪ್ಪುತ್ತದೆ, ಮತ್ತು ಜಾಲದಲ್ಲಿ ಆಗುವ ದೋಷಗಳಲ್ಲಿ ಬಹುಪಾಲು ಇಂಥವೇ. 1918ರಲ್ಲಿ ಚಾರ್ಲ್ಸ್ ಫಾರ್ಟೆಸ್ಕ್ಯೂ ತೋರಿಸಿದ ದಾರಿಯಂತೆ ಅಸಮತೋಲದ ಮೂರು ಫೇಸುಗಳನ್ನು ಧನ, ಋಣ, ಶೂನ್ಯ ಎಂಬ ಮೂರು ಸಮತೋಲದ ಅನುಕ್ರಮಗಳಾಗಿ ಬಿಡಿಸಬಹುದು. ವಿದ್ಯಾರ್ಥಿಗಳಿಗೆ ಇದು ಮ್ಯಾಟ್ರಿಕ್ಸಿನ ಕಸರತ್ತಾಗಿ ಕಾಣುವುದು ಈ ಅನುಕ್ರಮಗಳಿಗೆ ಕಣ್ಣಿಗೆ ಕಾಣುವ ಪರಿಣಾಮಗಳಿವೆ ಎಂಬುದನ್ನು ಯಾರೂ ತೋರಿಸದಿರುವುದರಿಂದ. ತ್ರೀ ಫೇಸ್ ಪಂಪಿನ ಒಂದು ಫ್ಯೂಸು ಹೋದಾಗ ಉಳಿದ ಎರಡು ತಂತಿಗಳಲ್ಲಿ ಹರಿಯುವ ಕರೆಂಟನ್ನು ಬಿಡಿಸಿ ನೋಡಿದರೆ ಧನ ಅನುಕ್ರಮದಷ್ಟೇ ಪ್ರಮಾಣದ ಋಣ ಅನುಕ್ರಮ ಸಿಗುತ್ತದೆ. ಅದು ಹುಟ್ಟಿಸುವ ಕಾಂತಕ್ಷೇತ್ರ ಹಿಮ್ಮುಖವಾಗಿ ತಿರುಗುತ್ತ ರೋಟರಿನಲ್ಲಿ ಹೆಚ್ಚುಕಡಿಮೆ 100 ಹರ್ಟ್ಸಿನ ಕರೆಂಟನ್ನು ಪ್ರೇರಿಸಿ ಕಾಯಿಸುತ್ತದೆ. ಗುಂಯ್‌ಗುಟ್ಟಿ ಸುಟ್ಟುಹೋಗುವ ಮೋಟಾರು ರೈತನಿಗೆ ಹೊಸದಲ್ಲ, ಸಿಂಗಲ್ ಫೇಸ್ ಕೊಡುವ ಹೊತ್ತಿನಲ್ಲಿ ಕನ್ವರ್ಟರ್ ಹಾಕಿ ಪಂಪು ಓಡಿಸುವ ಉಪಾಯವೂ ಹೊಸದಲ್ಲ. ಹೊಸದಾಗಬೇಕಾದದ್ದು ಅದನ್ನು ತರಗತಿಯ ಕರಿಹಲಗೆಗೆ ತರುವ ಕೆಲಸ.

ಸ್ಥಿರತೆಯ ಭಾಗದಲ್ಲಿ ಕೇಳುವ ಪ್ರಶ್ನೆ ಬೇರೆ: ಜಾಲಕ್ಕೆ ಒಂದು ಪೆಟ್ಟು ಬಿದ್ದ ಮೇಲೆ ಎಲ್ಲ ಜನರೇಟರುಗಳೂ ಒಂದೇ ಲಯದಲ್ಲಿ ತಿರುಗುತ್ತ ಉಳಿಯುತ್ತವೆಯೇ? ದೋಷ ಇರುವಷ್ಟು ಹೊತ್ತು ಜನರೇಟರು ವಿದ್ಯುತ್ತನ್ನು ಹೊರಕ್ಕೆ ಕಳುಹಿಸಲಾರದೆ ವೇಗ ಹೆಚ್ಚಿಸಿಕೊಳ್ಳುತ್ತದೆ. ದೋಷ ತೊಲಗಿದ ಮೇಲೆ ಆ ಹೆಚ್ಚಿನ ವೇಗವನ್ನು ಕಳೆದುಕೊಳ್ಳಲು ಅವಕಾಶ ಸಾಲದಿದ್ದರೆ ಲಯ ತಪ್ಪುತ್ತದೆ. ಭಾರತದಲ್ಲಿ 400 ಕೆವಿ ಮಾರ್ಗದ ದೋಷವನ್ನು 100 ಮಿಲಿಸೆಕೆಂಡಿನೊಳಗೆ ಕಡಿದುಹಾಕಬೇಕೆಂಬ ನಿಯಮ ಇರುವುದು ಇದೇ ಕಾರಣಕ್ಕೆ. ಸಮವಿಸ್ತಾರ ನಿಯಮವೆಂಬ, ರೇಖಾಚಿತ್ರದ ಎರಡು ಕ್ಷೇತ್ರಗಳನ್ನು ಹೋಲಿಸುವ ಉಪಾಯ ಒಂದು ಜನರೇಟರಿನ ಮಟ್ಟಿಗೆ ಇದನ್ನು ಸೊಗಸಾಗಿ ವಿವರಿಸುತ್ತದೆ. ಆದರೆ ನಿಜವಾದ ಕುಸಿತಗಳು ಇಷ್ಟು ಅಚ್ಚುಕಟ್ಟಾಗಿ ನಡೆಯುವುದಿಲ್ಲ ಎಂಬುದಕ್ಕೆ 2012ರ ಜುಲೈ 30 ಮತ್ತು 31ರ ಘಟನೆಗಳು ಸಾಕ್ಷಿ. ಹಲವು ಮಾರ್ಗಗಳು ಮೊದಲೇ ಬಂದ್ ಆಗಿ ದುರ್ಬಲಗೊಂಡಿದ್ದ ಜಾಲದಿಂದ ಉತ್ತರದ ರಾಜ್ಯಗಳು ಮಿತಿಮೀರಿ ವಿದ್ಯುತ್ತು ಎಳೆಯುತ್ತಿದ್ದಾಗ ಬೀನಾ–ಗ್ವಾಲಿಯರ್ 400 ಕೆವಿ ಮಾರ್ಗ ಕಡಿದುಕೊಂಡಿತು. ಆ ಮಾರ್ಗದಲ್ಲಿ ದೋಷವೇ ಇರಲಿಲ್ಲ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ ದೋಷದ ದೂರವನ್ನು ಅಳೆಯುವ ಡಿಸ್ಟೆನ್ಸ್ ರಿಲೇಗೆ, ಕುಗ್ಗಿದ ವೋಲ್ಟೇಜು ಮತ್ತು ಹಿಗ್ಗಿದ ಕರೆಂಟು ಸೇರಿ ದೂರದ ದೋಷದಂತೆಯೇ ತೋರಿದವು. ಮೊದಲ ದಿನ ಸುಮಾರು 36,000 ಮೆಗಾವ್ಯಾಟ್, ಎರಡನೆಯ ದಿನ ಸುಮಾರು 48,000 ಮೆಗಾವ್ಯಾಟ್ ಬೇಡಿಕೆ ಕತ್ತಲಾಯಿತು.

ಈ ಒಂದು ಘಟನೆಯಲ್ಲಿ ಲೋಡ್ ಫ್ಲೋ, ರಕ್ಷಣೆ, ಸ್ಥಿರತೆ ಮೂರೂ ಒಂದರೊಳಗೊಂದು ಹೆಣೆದುಕೊಂಡಿವೆ; ಪಾಠಕ್ರಮ ಅವುಗಳನ್ನು ಬೇರೆ ಬೇರೆ ಸೆಮಿಸ್ಟರುಗಳಿಗೆ ಹಂಚಿ, ಮತ್ತೆ ಒಂದುಗೂಡಿಸುವ ಕೆಲಸವನ್ನು ಯಾರಿಗೂ ವಹಿಸದೆ ಬಿಟ್ಟಿದೆ. ಅಂದು ದಕ್ಷಿಣದ ಜಾಲಕ್ಕೆ ಬಿಸಿ ತಟ್ಟಲಿಲ್ಲ, ಏಕೆಂದರೆ ತಾಲ್ಚೇರ್–ಕೋಲಾರ ಮಾರ್ಗದಂಥ ನೇರ ವಿದ್ಯುತ್ತಿನ ಕೊಂಡಿಗಳ ಮೂಲಕ ಮಾತ್ರ ಅದು ಉಳಿದ ದೇಶದೊಂದಿಗೆ ಸೇರಿತ್ತು, ಮತ್ತು ಅಂಥ ಕೊಂಡಿಗಳು ಎರಡು ಬದಿಗಳ ಲಯವನ್ನು ಒಂದಾಗಿಸುವುದಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗ ಚಾಲನೆಗೊಂಡಾಗ ದಕ್ಷಿಣವೂ ಅದೇ ಲಯಕ್ಕೆ ಸೇರಿತು. ಈ ಮಾರ್ಗ ಒಂದೂವರೆ ವರ್ಷ ಮೊದಲೇ ಇದ್ದಿದ್ದರೆ ಆ ಜುಲೈನಲ್ಲಿ ದಕ್ಷಿಣವು ಉತ್ತರವನ್ನು ಉಳಿಸುತ್ತಿತ್ತೇ, ಅದರೊಂದಿಗೆ ತಾನೂ ಮುಳುಗುತ್ತಿತ್ತೇ ಎಂಬ ಪ್ರಶ್ನೆಗೆ ಒಂದೇ ಸರಿಯುತ್ತರವಿಲ್ಲ. ಹಾಗಿರುವುದರಿಂದಲೇ ಅದು ಒಳ್ಳೆಯ ಪರೀಕ್ಷಾ ಪ್ರಶ್ನೆ.

ಯಶಸ್ಸಿನ ಉದಾಹರಣೆಯೂ ಇದೆ. 2020ರ ಏಪ್ರಿಲ್ 5ರ ರಾತ್ರಿ ಒಂಬತ್ತು ಗಂಟೆಗೆ ದೇಶದ ಮನೆಗಳು ಒಂಬತ್ತು ನಿಮಿಷ ದೀಪ ಆರಿಸಿದಾಗ 12ರಿಂದ 14 ಸಾವಿರ ಮೆಗಾವ್ಯಾಟ್ ಇಳಿಯಬಹುದೆಂದು ನಿರೀಕ್ಷಿಸಿದ್ದ ಬೇಡಿಕೆ 31,089 ಮೆಗಾವ್ಯಾಟ್ ಇಳಿಯಿತು. ಆದರೂ ಫ್ರೀಕ್ವೆನ್ಸಿ 49.70 ಮತ್ತು 50.26 ಹರ್ಟ್ಸ್‌ಗಳ ನಡುವೆಯೇ ಉಳಿಯಿತು. ಅಂದಾಜು ಅರ್ಧಕ್ಕರ್ಧ ತಪ್ಪಿದರೂ ಜಾಲ ಉಳಿದದ್ದು ಜಲವಿದ್ಯುತ್ತನ್ನು ಬೇಗ ಇಳಿಸಿ ಏರಿಸುವ ತಯಾರಿ ಮೊದಲೇ ನಡೆದಿದ್ದರಿಂದ. ತಪ್ಪಬಹುದಾದ ಅಂದಾಜಿಗೆ ಎಷ್ಟು ಆಸರೆ ಇಟ್ಟುಕೊಳ್ಳಬೇಕೆಂದು ಕಲಿಸುವ ಅಧ್ಯಾಯ ಯಾವ ಪಠ್ಯಪುಸ್ತಕದಲ್ಲೂ ಪ್ರತ್ಯೇಕವಾಗಿ ಇರುವುದಿಲ್ಲ.

ಮಿತವ್ಯಯದ ಹಂಚಿಕೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎಲ್ಲ ಸ್ಥಾವರಗಳ ಕೊನೆಯ ಯೂನಿಟ್ಟಿನ ಖರ್ಚು ಸಮನಾದಾಗ ಒಟ್ಟು ಖರ್ಚು ಕನಿಷ್ಠವಾಗುತ್ತದೆ ಎಂಬ ತತ್ತ್ವ ಸರಳ. ಮಳೆಗಾಲದಲ್ಲಿ ಒಮ್ಮೆ ತುಂಬುವ ಲಿಂಗನಮಕ್ಕಿಯ ನೀರಿಗೆ ಆ ಖರ್ಚನ್ನು ಹೇಗೆ ಕಟ್ಟುವುದು ಎಂಬಲ್ಲಿ ತೊಡಕು ಶುರುವಾಗುತ್ತದೆ.

ಈಗ ನೆಲವೇ ಜರುಗುತ್ತಿರುವುದರಿಂದ ಗುರಿಗಳನ್ನು ಮತ್ತೆ ನೋಡುವುದು ತುರ್ತಾಗಿದೆ. ಪಾವಗಡದ 2050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನದಲ್ಲಿ ತಿರುಗುವ ಭಾರವಾದ ರೋಟರು ಒಂದೂ ಇಲ್ಲ. ಅಲ್ಲಿಂದ ಜಾಲಕ್ಕೆ ವಿದ್ಯುತ್ತನ್ನು ಕೊಡುವುದು ಇನ್ವರ್ಟರುಗಳು. ದೋಷವಾದಾಗ ಹಳೆಯ ಜನರೇಟರು ಮೊದಲ ಕ್ಷಣಗಳಲ್ಲಿ ತನ್ನ ಸಾಮರ್ಥ್ಯದ ಐದಾರು ಪಟ್ಟು ಕರೆಂಟು ಕೊಡುತ್ತಿದ್ದರೆ ಇನ್ವರ್ಟರು ಒಂದೂಕಾಲು, ಹೆಚ್ಚೆಂದರೆ ಒಂದೂವರೆ ಪಟ್ಟಿನಲ್ಲಿ ತಡೆದು ನಿಲ್ಲುವುದರಿಂದ, ಹೆಚ್ಚಿನ ಕರೆಂಟನ್ನೇ ನಂಬಿದ ರಕ್ಷಣೆ ಕುರುಡಾಗಬಹುದು. ಜಡತ್ವದ ಕಥೆಯೂ ಹೀಗೆಯೇ. ಜಾಲದ ಜಡತ್ವ ಸ್ಥಿರಾಂಕ 4 ಸೆಕೆಂಡ್ ಇದ್ದಾಗ ಉತ್ಪಾದನೆಯ ಹತ್ತನೆಯ ಒಂದು ಪಾಲು ಹಠಾತ್ತನೆ ಹೋದರೆ ಫ್ರೀಕ್ವೆನ್ಸಿ ಮೊದಲಿಗೆ ಸೆಕೆಂಡಿಗೆ ಸುಮಾರು 0.6 ಹರ್ಟ್ಸ್ ವೇಗದಲ್ಲಿ ಬೀಳುತ್ತದೆ. ಜಡತ್ವ ಅರ್ಧವಾದರೆ ಬೀಳುವ ವೇಗ ಎರಡು ಪಟ್ಟಾಗುತ್ತದೆ, ಅದನ್ನು ಹಿಡಿದು ನಿಲ್ಲಿಸಲು ಸಿಗುವ ಸಮಯ ಅರ್ಧವಾಗುತ್ತದೆ. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ಕತ್ತಲಾದಾಗ ತನಿಖೆಯಲ್ಲಿ ಎದ್ದು ಕಂಡದ್ದು ವೋಲ್ಟೇಜು ಏರುತ್ತ ಹೋಗಿ ಒಂದರ ಹಿಂದೊಂದು ಸ್ಥಾವರ ಕಡಿದುಕೊಂಡ ಸರಣಿ. ವೋಲ್ಟೇಜು ನಿಯಂತ್ರಣವನ್ನು ಕೊನೆಯ ಘಟಕದ ಕೊನೆಯ ಪುಟಗಳಿಗೆ ತಳ್ಳಿ, ಸಮಯ ಉಳಿದರೆ ನೋಡೋಣ ಎನ್ನುವ ರೂಢಿಗೆ ಇದಕ್ಕಿಂತ ಖಾರವಾದ ಉತ್ತರ ಬೇಕಿಲ್ಲ.

ಹೊಸ ವಿಷಯಗಳನ್ನು ಸೇರಿಸಲು ಪಠ್ಯಕ್ರಮದಲ್ಲಿ ಜಾಗವಿಲ್ಲ ಎಂಬ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಕೈಲೆಕ್ಕವನ್ನು ಪೂರ್ತಿ ಬಿಟ್ಟುಬಿಡಬೇಕೆಂಬ ಇನ್ನೊಂದು ತುದಿಯ ವಾದವೂ ಸರಿಯಲ್ಲ, ಏಕೆಂದರೆ ಒಮ್ಮೆಯಾದರೂ ಅಡ್ಮಿಟೆನ್ಸ್ ಮ್ಯಾಟ್ರಿಕ್ಸನ್ನು ಕೈಯಿಂದ ಕಟ್ಟಿದವರಿಗೆ ಮಾತ್ರ ಅದರ ಹೆಚ್ಚಿನ ಮನೆಗಳು ಯಾಕೆ ಸೊನ್ನೆಯಾಗಿರುತ್ತವೆ, ಆ ಸೊನ್ನೆಗಳಿಂದಲೇ ಸಾವಿರಾರು ಬಸ್ಸುಗಳ ಲೆಕ್ಕ ಹೇಗೆ ಸಾಧ್ಯವಾಯಿತು ಎಂಬುದು ತಿಳಿಯುತ್ತದೆ. ಒಮ್ಮೆ ಕಟ್ಟಿದರೆ ಸಾಕು, ಹತ್ತು ಬಾರಿ ಬೇಕಿಲ್ಲ. ಹಾಗೆ ಉಳಿಯುವ ಸಮಯ ಪ್ರಯೋಗಾಲಯಕ್ಕೆ ಸಲ್ಲಬೇಕು. ರಾಜ್ಯದ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಬೆಂಗಳೂರಿನಲ್ಲೇ ತಯಾರಾದ ಮಿಪವರ್‌ನಂಥ ತಂತ್ರಾಂಶ ಸಿಗುತ್ತದೆ, ಆದರೆ ಕೈಪಿಡಿಯಲ್ಲಿ ಹೇಳಿದ ಅಂಕಿಗಳನ್ನು ತುಂಬಿ, ಬಂದ ಉತ್ತರವನ್ನು ರೆಕಾರ್ಡಿಗೆ ಇಳಿಸುವಲ್ಲಿಗೆ ಪ್ರಯೋಗ ಮುಗಿಯುತ್ತದೆ. ಅದೇ ಜಾಲದ ಒಂದು ಮಾರ್ಗವನ್ನು ತೆಗೆದು ಏನಾಗಬಹುದೆಂದು ಮೊದಲು ಕಾಗದದ ಮೇಲೆ ಊಹಿಸಿ ಬರೆದು, ಆಮೇಲೆ ಕಂಪ್ಯೂಟರಿನಲ್ಲಿ ನೋಡಿ, ಎರಡೂ ಹೊಂದದಿದ್ದರೆ ತಪ್ಪು ಊಹೆಯಲ್ಲಿದೆಯೋ ತುಂಬಿದ ಅಂಕಿಯಲ್ಲಿದೆಯೋ ಎಂದು ಹುಡುಕುವುದಕ್ಕೆ ಹೊಸ ಸಲಕರಣೆಯೂ ಬೇಡ, ಹೊಸ ಅನುದಾನವೂ ಬೇಡ.

ಪಠ್ಯಕ್ರಮ ಸಮಿತಿಗಳು ಮುಂದಿನ ಪರಿಷ್ಕರಣೆಗೆ ಕುಳಿತಾಗ ಒಂದು ಚಿಕ್ಕ ಬದಲಾವಣೆಯನ್ನಾದರೂ ಮಾಡಬೇಕು: ಪ್ರಶ್ನೆಪತ್ರಿಕೆಯಲ್ಲಿ ಗೌಸ್–ಸೈಡೆಲ್‌ನ ಒಂದು ಸುತ್ತಿಗೆ ಬದಲಾಗಿ ಲೋಡ್ ಫ್ಲೋ ಫಲಿತಾಂಶದ ಒಂದು ಪುಟವನ್ನೇ ಮುದ್ರಿಸಿ, ಅದರಲ್ಲಿ ಬೇಕೆಂದೇ ಒಂದು ಅಂಕಿಯನ್ನು ತಪ್ಪಾಗಿಸಿ, ಆ ತಪ್ಪು ಯಾವುದು ಮತ್ತು ಅದು ಹೇಗೆ ಗೊತ್ತಾಯಿತು ಎಂದು ಬರೆಯುವಂತೆ ವಿದ್ಯಾರ್ಥಿಗಳನ್ನು ಕೇಳಬೇಕು.